ಕೊಳ್ಳುವ ಮೊದಲು ಕೈಗೆ ಕೊಟ್ಟು ನೋಡಿ

(ಶಾಲೆಯ ಸುವರ್ಣ ಮಹೋತ್ಸವದ ಕೃಷಿ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿ, ಬಿ.ಇ. ಪದವೀಧರ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಆಡಿದ ಮಾತುಗಳ ಬರಹರೂಪ)



ಸಂಘಟಕರು ನನ್ನನ್ನು ಕಂಪ್ಯೂಟರ್ ಬಗ್ಗೆ ಮಾತಾಡಲು ಕರೆದಿದ್ದರು. ಮೊಬೈಲು, ಕಂಪ್ಯೂಟರಿನ ವಿಷಯದಲ್ಲಿ ಇಲ್ಲಿ ಕುಳಿತಿರುವ ಎಂಟನೇ ತರಗತಿಯ ಮಕ್ಕಳೇ ನನಗೆ ಪಾಠ ಹೇಳಬಲ್ಲರು. ಹಾಗಾಗಿ, ‘ತೋಟಕ್ಕೆ ಬರುತ್ತಿರುವ ಹೊಸ ಯಂತ್ರಗಳ ಬಗ್ಗೆ ಮಾತಾಡಲೇ?’ ಎಂದು ಕೇಳಿದೆ. ಒಪ್ಪಿಕೊಂಡರು. ಅವರಿಗೆ ಮೊದಲ ವಂದನೆ.

ನನ್ನ ಪರಿಚಯ ಎರಡೇ ಮಾತಿನಲ್ಲಿ ಹೇಳುತ್ತೇನೆ. ಇದೇ ಶಾಲೆಯಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ, ಮುಂದೆ ಬಿ.ಇ. ಓದಿ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. 2020ರಲ್ಲಿ ಕೊರೊನಾ ಬಂದು ಮನೆಯಿಂದಲೇ ಕೆಲಸ ಮಾಡುವ ಅವಕಾಶ ಸಿಕ್ಕಿತು. ಅಲ್ಲಿಂದೀಚೆಗೆ ತಿಂಗಳಲ್ಲಿ ಅರ್ಧ ದಿನ ಬೆಂಗಳೂರು, ಇನ್ನರ್ಧ ಊರು. ಮನೆಯಲ್ಲಿ ಎರಡು ಎಕರೆ ಅಡಿಕೆ ತೋಟ, ಸ್ವಲ್ಪ ಗದ್ದೆ, ಹಿಂದೆ ಒಂದು ತುಂಡು ಬೆಟ್ಟ. ಅಪ್ಪಯ್ಯನಿಗೆ ವಯಸ್ಸಾಯಿತು. ಆಳು ಸಿಗುವುದು ಕಷ್ಟವಾಯಿತು. ಹೀಗೆ ಯಂತ್ರಗಳು ಒಂದೊಂದಾಗಿ ನಮ್ಮ ಅಂಗಳಕ್ಕೆ ಬಂದವು. ಕೆಲವನ್ನು ಕೊಂಡೆವು, ಕೆಲವನ್ನು ನೆಂಟರಿಂದ ತಂದೆವು, ಕೆಲವನ್ನು ಅಂಗಡಿಯವರಿಂದ ಒಂದು ದಿನದ ಮಟ್ಟಿಗೆ ಕೇಳಿ ತಂದು ನೋಡಿ ವಾಪಸು ಕೊಟ್ಟೆವು. ಅಂಥ ಪ್ರಯೋಗಗಳಿಂದ ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ನಾನು ಹೇಳಬೇಕೆಂದಿರುವುದು ಇಷ್ಟೇ. ಯಂತ್ರ ಒಳ್ಳೆಯದೋ ಕೆಟ್ಟದ್ದೋ ಎಂದು ಅಂಗಡಿಯಲ್ಲಿ ತೀರ್ಮಾನ ಆಗುವುದಿಲ್ಲ. ಅದು ತೀರ್ಮಾನ ಆಗುವುದು ನಮ್ಮ ಜಮೀನಿನಲ್ಲಿ, ಅದನ್ನು ದಿನವಿಡೀ ಹಿಡಿಯುವವರ ಕೈಯಲ್ಲಿ.

ಮೊದಲು ಜಮೀನಿನ ಮಾತು. 2015-16ರ ಕೃಷಿ ಗಣತಿಯ ಪ್ರಕಾರ ನಮ್ಮ ದೇಶದ ಸರಾಸರಿ ಹಿಡುವಳಿ 1.08 ಹೆಕ್ಟೇರ್, ಅಂದರೆ ಸುಮಾರು ಎರಡೂಮುಕ್ಕಾಲು ಎಕರೆ. ಯಂತ್ರದ ಜಾಹೀರಾತು ನೋಡಿದರೆ ಕಣ್ಣು ಹಾಯುವಷ್ಟು ದೂರ ಸಮತಟ್ಟಾದ ಹೊಲ ಕಾಣುತ್ತದೆ. ನಮ್ಮ ಮಲೆನಾಡಿನ ತೋಟಕ್ಕೂ ಆ ಚಿತ್ರಕ್ಕೂ ಸಂಬಂಧವೇ ಇಲ್ಲ. ವಿಟ್ಲದ ಸಂಶೋಧನಾ ಕೇಂದ್ರದವರು ಅಡಿಕೆ ಗಿಡಗಳ ನಡುವೆ ಹೇಳುವ ಅಂತರ 2.7 ಮೀಟರ್, ನಮ್ಮ ಲೆಕ್ಕದಲ್ಲಿ ಒಂಬತ್ತು ಅಡಿ. ಆ ಲೆಕ್ಕಕ್ಕೆ ಎಕರೆಗೆ ಸುಮಾರು 540 ಮರ. ಮರದ ಬುಡದಿಂದ ಎರಡೂ ಕಡೆ ಎರಡೂವರೆ ಅಡಿ ಬಿಟ್ಟರೆ ನಡುವೆ ಯಂತ್ರಕ್ಕೆ ಉಳಿಯುವುದು ನಾಲ್ಕೇ ಅಡಿ. ಟ್ರ್ಯಾಕ್ಟರಿಗೆ ಕಟ್ಟುವ ಸಾಮಾನ್ಯ ರೋಟವೇಟರ್ ಐದು ಅಡಿ ಅಗಲ ಇರುತ್ತದೆ. ಇನ್ನು ಬಸಿಗಾಲುವೆ, ದರೆ, ಕಲ್ಲು, ಕಾಳುಮೆಣಸಿನ ಬಳ್ಳಿ, ನೆಲದಲ್ಲಿ ಹಾಸಿದ ಹನಿ ನೀರಾವರಿ ಪೈಪು, ಎಲ್ಲವೂ ಇವೆ. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಟೇಪು ಹಿಡಿದು ನಮ್ಮ ತೋಟವನ್ನೇ ಅಳೆದುಕೊಳ್ಳಬೇಕು. ಎಲ್ಲಿ ಯಂತ್ರ ಒಳಗೆ ಹೋಗುತ್ತದೆ, ಎಲ್ಲಿ ತಿರುಗುತ್ತದೆ, ಎಲ್ಲಿ ಕಾಲುವೆ ದಾಟಲು ಇಬ್ಬರು ಎತ್ತಬೇಕಾಗುತ್ತದೆ ಎಂದು ನಡೆದು ನೋಡಬೇಕು. ಇದಕ್ಕೆ ಖರ್ಚಿಲ್ಲ, ಅರ್ಧ ದಿನ ಸಾಕು.

ಒಂದೇ ಎಂಜಿನ್‌ಗೆ ಹಲವು ಸಾಮಾನು ಜೋಡಿಸಿ ಹಲವು ಕೆಲಸ ಮಾಡಿಸುವ ಉಪಾಯ ನಮ್ಮ ಹಿರಿಯರಿಗೆ ಹೊಸದಲ್ಲ. ಬೆಂಗಳೂರಿನ ವಿ.ಎಸ್.ಟಿ. ಸಂಸ್ಥೆ 1967ರಲ್ಲಿ ಜಪಾನಿನ ಮಿತ್ಸುಬಿಷಿಯ ಸಹಯೋಗದಲ್ಲಿ ಶುರುವಾಯಿತು. ಅಲ್ಲಿಂದ ಬಂದ ಪವರ್ ಟಿಲ್ಲರ್ ಅನ್ನು ಇಲ್ಲಿ ಕೂತಿರುವ ಎಷ್ಟೋ ಹಿರಿಯರು ಓಡಿಸಿದ್ದೀರಿ. ಅದಕ್ಕೆ ಕಬ್ಬಿಣದ ಕೇಜ್ ವೀಲ್ ಹಾಕಿ ಗದ್ದೆಯ ಕೆಸರು ಮಾಡಿದಿರಿ, ಟ್ರೇಲರ್ ಕಟ್ಟಿ ಗೊಬ್ಬರ ಹೊತ್ತಿರಿ, ಬೆಲ್ಟ್ ಹಾಕಿ ನೀರಿನ ಪಂಪು ತಿರುಗಿಸಿದಿರಿ. ಈಗ ಬಂದಿರುವ ಸಣ್ಣ ಯಂತ್ರಗಳದ್ದೂ ಅದೇ ತತ್ತ್ವ. ಎಂಜಿನ್ ಚಿಕ್ಕದಾಗಿ ಹೆಗಲಿಗೆ ಬಂದಿದೆ, ಅಷ್ಟೇ ವ್ಯತ್ಯಾಸ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಟೆಸ್ಟಿಂಗ್ ಎಂಬುದೊಂದಿದೆ. ಬರೆದವನ ಮೇಜಿನ ಮೇಲೆ ಎಲ್ಲವೂ ಚೆನ್ನಾಗಿಯೇ ಓಡುತ್ತದೆ. ಬಳಸುವವರ ಕೈಗೆ ಕೊಟ್ಟಾಗ ನಿಜ ಬಣ್ಣ ಗೊತ್ತಾಗುತ್ತದೆ. ಅದೇ ಅಭ್ಯಾಸದಿಂದ ನಾನು ಒಂದು ನೋಟ್‌ಬುಕ್ಕು ಇಟ್ಟುಕೊಂಡೆ. ಯಾವ ಯಂತ್ರ ತಂದರೂ ನಾಲ್ಕು ಪ್ರಶ್ನೆ ಬರೆದುಕೊಳ್ಳುತ್ತೇನೆ. ಎಷ್ಟು ಜಾಗಕ್ಕೆ ಎಷ್ಟು ಹೊತ್ತು, ಎಷ್ಟು ಎಣ್ಣೆ ಬೇಕಾಯಿತು? ಗಿಡಕ್ಕೆ, ಮಣ್ಣಿಗೆ ಏನಾಯಿತು? ಹಿಡಿದವರಿಗೆ ಸಂಜೆ ಹೇಗಿತ್ತು? ಕೆಟ್ಟರೆ ನಮ್ಮ ಪೇಟೆಯಲ್ಲಿ ಬಿಡಿಭಾಗ ಸಿಗುತ್ತದೆಯೇ, ರಿಪೇರಿ ಮಾಡುವವರು ಇದ್ದಾರೆಯೇ? ಮೊದಲನೆಯದಕ್ಕೆ ಗಡಿಯಾರ ಸಾಕು. ಉಳಿದ ಮೂರಕ್ಕೆ ಜನರನ್ನು ಕೇಳಬೇಕು.

ಇಲ್ಲಿ ನನ್ನ ಒಬ್ಬ ಗೆಳೆಯನ ವಿಷಯ ಹೇಳಬೇಕು. ಅವನು ನನ್ನ ಜೊತೆ ಇದೇ ಶಾಲೆಯಲ್ಲಿ ಹತ್ತನೇ ತರಗತಿ ಓದಿದವನು. ವೇದಿಕೆಯಲ್ಲಿ ಹೆಸರು ಹೇಳಬಾರದು ಎಂದು ನಿನ್ನೆಯೇ ಆಣೆ ಹಾಕಿಸಿದ್ದಾನೆ. ಅವನು ಕೊನೆಗಾರ. ಅಡಿಕೆ ಮರ ಹತ್ತಿ ಕೊನೆ ಇಳಿಸುತ್ತಾನೆ, ಮಳೆಗಾಲದಲ್ಲಿ ಔಷಧಿ ಹೊಡೆಯುತ್ತಾನೆ, ಉಳಿದ ದಿನ ತೋಟದ ಕೆಲಸ. ನಮ್ಮ ಮನೆಯ ಯಂತ್ರ ಪರೀಕ್ಷೆಗೆ ಅವನೇ ಪರೀಕ್ಷಕ. ನಾನು ಗಡಿಯಾರ ನೋಡುತ್ತೇನೆ, ಅವನು ಅಂಕ ಕೊಡುತ್ತಾನೆ.

ಮೊದಲು ಹುಲ್ಲು ಹೊಡೆಯುವ ಮಷಿನ್, ಅಂದರೆ ಬ್ರಷ್ ಕಟರ್. ಅದೀಗ ಮನೆಮನೆಗೂ ಬಂದಿದೆ. ಅದರ ತುದಿಗೆ ಹಾಕುವ ಸಾಮಾನುಗಳು ಹಲವು: ನೈಲಾನ್ ದಾರದ ತಲೆ, ಮೂರು ಹಲ್ಲಿನ ಬ್ಲೇಡು, 80 ಹಲ್ಲಿನ ದುಂಡು ಬ್ಲೇಡು, ಮಣ್ಣು ಕೆದಕುವ ವೀಡರ್ ತಲೆ. ಎಲ್ಲವನ್ನೂ ಒಂದೇ ತೋಟದಲ್ಲಿ ಹಾಕಿ ನೋಡಿದೆವು.

ನೈಲಾನ್ ದಾರ ಎಳೆ ಹುಲ್ಲಿಗೆ, ಕಲ್ಲಿನ ಸಂದಿಗೆ, ಕಾಲುವೆಯ ಅಂಚಿಗೆ ಚೆನ್ನ. ಆದರೆ ಎಳೆಯ ಅಡಿಕೆ ಸಸಿಗೆ, ಮೆಣಸಿನ ಬಳ್ಳಿಗೆ ತಾಗಿದರೆ ಸಿಪ್ಪೆಯನ್ನೇ ಸುಲಿದುಬಿಡುತ್ತದೆ. ಬುಡದ ಸುತ್ತ ಒಂದು ಮೊಳ ಜಾಗವನ್ನು ಕತ್ತಿಯಲ್ಲೇ ಬಿಡಿಸಿಕೊಂಡು ಆಮೇಲೆ ಮಷಿನ್ ಹಿಡಿಯುವುದು ಕ್ಷೇಮ. ಸವೆದ ದಾರದ ತುಂಡುಗಳು ಮಣ್ಣಿನಲ್ಲೇ ಉಳಿಯುತ್ತವೆ, ಅದೂ ಪ್ಲಾಸ್ಟಿಕ್ಕೇ ಎಂಬುದು ನೆನಪಿರಲಿ. ಬಲಿತ ಕಳೆಗೆ, ಯುಪಟೋರಿಯಂ ಮೆಳೆಗೆ ಮೂರು ಹಲ್ಲಿನ ಬ್ಲೇಡು ಸರಿ. ಬೆಟ್ಟದ ಅಂಚಿನಲ್ಲಿ ಹೆಬ್ಬೆರಳು ದಪ್ಪದ ಗಿಡಗಂಟಿಗೆ 80 ಹಲ್ಲಿನದು. ಒಂದೇ ಬ್ಲೇಡಿನಲ್ಲಿ ಎಲ್ಲ ಮುಗಿಸುತ್ತೇನೆ ಎಂದು ಹೊರಟರೆ ಕೆಲಸವೂ ಕೆಡುತ್ತದೆ, ಎಣ್ಣೆಯೂ ಹೆಚ್ಚು ಕುಡಿಯುತ್ತದೆ.

ವೀಡರ್ ತಲೆ ನೋಡಲು ಬಹಳ ಚಂದ. ಮಣ್ಣು ಹುಡಿಹುಡಿಯಾಗಿ ತೋಟ ಗುಡಿಸಿಟ್ಟ ಅಂಗಳದಂತೆ ಕಾಣುತ್ತದೆ. ಆದರೆ ಅಡಿಕೆಯ ಉಣ್ಣುವ ಬೇರುಗಳು ಮೇಲ್ಮಣ್ಣಿನಲ್ಲೇ ಹರಡಿರುತ್ತವೆ. ಮಷಿನ್ ಹೋದ ಜಾಗವನ್ನು ಗೆಳೆಯ ಕೈಯಲ್ಲಿ ಕೆದಕಿ ತುಂಡಾದ ಬಿಳಿ ಬೇರುಗಳನ್ನು ಎತ್ತಿ ತೋರಿಸಿದ. ಮೇಲಾಗಿ ನಮ್ಮದು ಇಳಿಜಾರು. ಮೇ ತಿಂಗಳಲ್ಲಿ ಸಡಿಲ ಮಾಡಿದ ಮಣ್ಣು ಜೂನ್ ತಿಂಗಳ ಮಳೆಗೆ ಹಳ್ಳಕ್ಕೆ ಹೋಗುತ್ತದೆ. ಹುಲ್ಲನ್ನು ಬೇರುಸಹಿತ ಕೀಳದೆ ಮೇಲಿನಿಂದ ಕತ್ತರಿಸಿ ಅಲ್ಲೇ ಬಿಟ್ಟರೆ ಬೇರು ಮಣ್ಣು ಹಿಡಿದುಕೊಳ್ಳುತ್ತದೆ, ಕತ್ತರಿಸಿದ ಹುಲ್ಲು ಮುಚ್ಚಿಗೆಯಾಗಿ ಕೊಳೆತು ಗೊಬ್ಬರವಾಗುತ್ತದೆ. ಹಾಗಾಗಿ ವೀಡರ್ ತಲೆಯನ್ನು ಅಮ್ಮನ ತರಕಾರಿ ಮಡಿಗೆ ಇಟ್ಟುಕೊಂಡೆವು. ಅಲ್ಲಿ ಅದು ಚಿನ್ನದಂಥ ಕೆಲಸ ಮಾಡುತ್ತದೆ. ಸಾಮಾನು ಒಂದೇ, ಜಾಗ ಬದಲಾದರೆ ಗುಣ ಬದಲಾಗುತ್ತದೆ.

ತಳ್ಳಿಕೊಂಡು ಹೋಗುವ ದೊಡ್ಡ ಪವರ್ ವೀಡರನ್ನೂ ಒಂದು ದಿನ ತಂದಿದ್ದೆವು. ನೇರ ಸಾಲಿನಲ್ಲಿ ಗುದ್ದಲಿ ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಪ್ರತಿ ಸಾಲಿನ ಕೊನೆಗೂ ಕಾಲುವೆ. ಪ್ರತಿ ಸಲವೂ ಎತ್ತಿ ತಿರುಗಿಸಬೇಕು. ಮಧ್ಯಾಹ್ನ ಊಟಕ್ಕೆ ಕುಳಿತಾಗ ಗೆಳೆಯ ಹೇಳಿದ: “ಇದು ನಿನ್ನ ವಾಚಿಗೆ ಚೆನ್ನಾಗಿದೆ ಮಾರಾಯ, ನನ್ನ ಸೊಂಟಕ್ಕಲ್ಲ.” ಆ ಮಾತನ್ನು ನೋಟ್‌ಬುಕ್ಕಿನಲ್ಲಿ ಹಾಗೆಯೇ ಬರೆದುಕೊಂಡೆ. ಯಂತ್ರವನ್ನು ಸಂಜೆ ವಾಪಸು ಕಳಿಸಿದೆವು. ಬಯಲು ಗದ್ದೆ ಇರುವ ನನ್ನ ಚಿಕ್ಕಪ್ಪ ಅದೇ ಯಂತ್ರವನ್ನು ಕೊಂಡು ಸುಖವಾಗಿದ್ದಾರೆ. ಎರಡೂ ಸರಿಯೇ.

ಸಾಮಾನು ಕೊಳ್ಳುವವರಿಗೆ ಒಂದು ಸೂಕ್ಷ್ಮ. ‘ಎಲ್ಲ ಮಷಿನ್‌ಗೂ ಆಗುತ್ತದೆ’ ಎಂದು ಆನ್‌ಲೈನ್‌ನಲ್ಲಿ ಬರೆದಿರುತ್ತಾರೆ. ಬ್ರಷ್ ಕಟರಿನ ಕೊಳವೆ ಕೆಲವದರಲ್ಲಿ 26 ಮಿಲಿಮೀಟರ್, ಕೆಲವದರಲ್ಲಿ 28. ಒಳಗೆ ತಿರುಗುವ ಸರಳಿನ ತುದಿಯಲ್ಲಿ ಕೆಲವದಕ್ಕೆ 7 ಹಲ್ಲು, ಕೆಲವದಕ್ಕೆ 9. ಎರಡು ಮಿಲಿಮೀಟರ್ ತಪ್ಪಿದರೂ ಕೂರುವುದಿಲ್ಲ. ಹಳೆಯ ತಲೆಯನ್ನೇ ಬಿಚ್ಚಿ ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಹೋಗಿ, ಅಲ್ಲೇ ಕೂರಿಸಿ ನೋಡಿ. ಎರಡು ಸ್ಟ್ರೋಕ್ ಎಂಜಿನ್ ಆದರೆ ಪೆಟ್ರೋಲಿಗೆ ಆಯಿಲ್ ಬೆರೆಸುವ ಲೆಕ್ಕವನ್ನು ಯಂತ್ರದ ಪುಸ್ತಕ ನೋಡಿಯೇ ಹಾಕಿ. 50ಕ್ಕೆ 1 ಎಂದರೆ ಲೀಟರಿಗೆ 20 ಮಿಲಿ, 25ಕ್ಕೆ 1 ಎಂದರೆ 40 ಮಿಲಿ. ಕಡಿಮೆಯಾದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ, ಹೆಚ್ಚಾದರೆ ಹೊಗೆ ಕಟ್ಟಿ ಪ್ಲಗ್ ಕೆಡುತ್ತದೆ. ಮಕ್ಕಳೇ, ನಿಮ್ಮ ಗಣಿತದ ‘ಅನುಪಾತ’ ಪಾಠ ತೋಟದಲ್ಲಿ ಕೆಲಸಕ್ಕೆ ಬರುವುದು ಹೀಗೆ.

ಗುಂಡಿ ತೋಡುವ ಮಷಿನ್ ವಿಷಯಕ್ಕೆ ಬರುತ್ತೇನೆ. ತಿರುಪು ಹಾಗಿರುವ ಉದ್ದನೆಯ ಕಬ್ಬಿಣ, ಮೇಲೆ ಎಂಜಿನ್. ಬೇಲಿ ಕಂಬಕ್ಕೆ, ಸಣ್ಣ ಗಿಡ ನೆಡಲು ಅದು ಅನುಕೂಲ. ಆದರೆ ಅಡಿಕೆಗೆ ಶಿಫಾರಸು ಮಾಡುವ ಗುಂಡಿ ಉದ್ದ, ಅಗಲ, ಆಳ ಮೂರೂ 90 ಸೆಂಟಿಮೀಟರ್. ಹನ್ನೆರಡು ಇಂಚಿನ ತೂತು ಕೊರೆದು ಅದನ್ನೇ ಅಡಿಕೆ ಗುಂಡಿ ಎನ್ನಲು ಬರುವುದಿಲ್ಲ. ಜಿಗುಟು ಮಣ್ಣು ಹಸಿಯಾಗಿರುವಾಗ ಕೊರೆದರೆ ಗುಂಡಿಯ ಗೋಡೆ ಮಡಕೆಯ ಒಳಮೈಯಂತೆ ನುಣುಪಾಗುತ್ತದೆ. ನೀರು ಇಂಗುವುದಿಲ್ಲ, ಬೇರು ಹೊರಗೆ ದಾಟಲು ಒದ್ದಾಡುತ್ತದೆ. ಹಾರೆಯಿಂದ ಗೋಡೆಯನ್ನು ನಾಲ್ಕು ಕಡೆ ಕೆರೆದು ಒರಟು ಮಾಡಿ ಗಿಡ ನೆಡಬೇಕು. ಜಂಬಿಟ್ಟಿಗೆ ಕಲ್ಲೋ, ದಪ್ಪ ಬೇರೋ ಸಿಕ್ಕಿಬಿದ್ದರೆ ತಿರುಪು ನಿಂತು, ಹಿಡಿದವರನ್ನೇ ತಿರುಗಿಸಲು ನೋಡುತ್ತದೆ. ಪ್ರತಿಯೊಂದು ಕ್ರಿಯೆಗೂ ಸಮನಾದ, ವಿರುದ್ಧ ದಿಕ್ಕಿನ ಪ್ರತಿಕ್ರಿಯೆ ಇರುತ್ತದೆ ಎಂಬ ನ್ಯೂಟನ್ನನ ಮೂರನೇ ನಿಯಮವನ್ನು ನಮ್ಮ ವಿಜ್ಞಾನದ ಮೇಷ್ಟ್ರು ಬೋರ್ಡಿನಲ್ಲಿ ಬರೆಸಿದ್ದರು. ಈ ಮಷಿನ್ ಅದನ್ನು ಮಣಿಕಟ್ಟಿಗೆ ಬರೆಸುತ್ತದೆ. ಕಲ್ಲು ನೆಲದವರು ಇಬ್ಬರು ಹಿಡಿಯುವ ಮಾದರಿಯನ್ನೇ ನೋಡುವುದು ಒಳ್ಳೆಯದು.

ಈಗ ದೋಟಿಯ ವಿಷಯ. ಅಡಿಕೆ ಸೀಮೆಯ ನಮಗೆಲ್ಲ ಹತ್ತಿರದ ವಿಷಯ ಇದು. ಕಾರ್ಬನ್ ಫೈಬರ್‌ನಿಂದ ಮಾಡಿದ, ಒಂದರೊಳಗೊಂದು ಸೇರುವ ಹೈಟೆಕ್ ದೋಟಿ ಬಂದ ಮೇಲೆ ನೆಲದಲ್ಲಿ ನಿಂತೇ ಕೊನೆ ಇಳಿಸಬಹುದು, ಬೋರ್ಡೋ ದ್ರಾವಣ ಹೊಡೆಯಬಹುದು. ಮಳೆಯಲ್ಲಿ ಜಾರುವ ಮರ ಹತ್ತಿ, ಮರದಿಂದ ಮರಕ್ಕೆ ತೂಗಿ ದಾಟುವ ಕೆಲಸ ಎಷ್ಟು ಕಷ್ಟದ್ದು, ಎಷ್ಟು ಮನೆಗಳ ದೀಪ ಆರಿಸಿದೆ ಎಂದು ಈ ಸಭೆಗೆ ನಾನು ಹೇಳಬೇಕಾಗಿಲ್ಲ.

ದೋಟಿ ಹಗುರ ಎನ್ನುತ್ತಾರೆ. ನಿಜ. ಆದರೆ ತೂಕ ಮಾತ್ರ ನೋಡಿದರೆ ಸಾಲದು. ಒಂಬತ್ತನೇ ತರಗತಿಯವರು ಈ ಲೆಕ್ಕ ಕೇಳಿ. ನಾಲ್ಕು ಕೆ.ಜಿ. ತೂಕದ ಅರವತ್ತು ಅಡಿಯ ದೋಟಿ ಎಂದುಕೊಳ್ಳಿ. ಅದರ ಭಾರದ ನಡುಬಿಂದು ಸುಮಾರು 9 ಮೀಟರ್ ಎತ್ತರದಲ್ಲಿರುತ್ತದೆ. ನೆಟ್ಟಗೆ ನಿಂತಿರುವಾಗ ಕೈಗೆ ಬರುವುದು ನಾಲ್ಕೇ ಕೆ.ಜಿ. ಹತ್ತು ಡಿಗ್ರಿ ವಾಲಿತೆನ್ನಿ. ಆ ನಡುಬಿಂದು ಒಂದೂವರೆ ಮೀಟರ್ ಪಕ್ಕಕ್ಕೆ ಹೋಗುತ್ತದೆ. ಹಿಡಿದ ಎರಡು ಕೈಗಳ ನಡುವೆ ಅರ್ಧ ಮೀಟರ್ ಅಂತರ ಇದ್ದರೆ, ಅದು ಬೀಳದಂತೆ ತಡೆಯಲು ಒಂದು ಕೈ ತಳ್ಳಬೇಕು, ಇನ್ನೊಂದು ಎಳೆಯಬೇಕು, ಒಂದೊಂದು ಕೈಗೂ ಹನ್ನೆರಡು ಕೆ.ಜಿ.ಯಷ್ಟು ಬಲ ಬೀಳುತ್ತದೆ. ಅದಕ್ಕೇ ಹೊಸಬರಿಗೆ ಒಂದೇ ತಾಸಿಗೆ ತೋಳು ಸೋಲುತ್ತದೆ, ಕತ್ತು ಹಿಡಿಯುತ್ತದೆ. ನುರಿತವರು ದೋಟಿಯನ್ನು ಎತ್ತುವುದಿಲ್ಲ, ನಿಲ್ಲಿಸುತ್ತಾರೆ. ಮರದ ಬುಡಕ್ಕೆ ಹತ್ತಿರ ಬಂದು, ಆದಷ್ಟು ನೆಟ್ಟಗೆ ಇಟ್ಟು ಕೆಲಸ ಮಾಡುತ್ತಾರೆ. ಇದು ತರಬೇತಿಯಿಂದ ಬರುವ ವಿದ್ಯೆ. ದೋಟಿಗೆ ಕೊಡುವ ದುಡ್ಡಿನ ಜೊತೆ ಕಲಿಯುವ ದಿನಗಳ ಲೆಕ್ಕವನ್ನೂ ಹಾಕಿ.

ಇನ್ನೊಂದು ಮಾತನ್ನು ದಯವಿಟ್ಟು ಮನೆಗೆ ಹೋಗಿ ಎಲ್ಲರಿಗೂ ಹೇಳಿ. ಕಾರ್ಬನ್ ಫೈಬರ್ ವಿದ್ಯುತ್ ಹರಿಸುತ್ತದೆ. ಅದು ಪ್ಲಾಸ್ಟಿಕ್ಕಿನಂತೆ ಕಂಡರೂ ಪ್ಲಾಸ್ಟಿಕ್ಕಿನಂತೆ ಕಾಪಾಡುವುದಿಲ್ಲ. ತೋಟದ ಮೇಲೆ ಅಥವಾ ಅಂಚಿನಲ್ಲಿ ಕರೆಂಟು ತಂತಿ ಹೋಗಿದ್ದರೆ ಆ ಸಾಲಿನ ಮರಗಳಿಗೆ ದೋಟಿ ಬೇಡ. ಲೈನ್ ಆಫ್ ಮಾಡಿಸಿಕೊಂಡೇ ಕೆಲಸ ಮಾಡಬೇಕು. ಅಂಥ ಮರಗಳಿಗೆ ಕೆಂಪು ಬಣ್ಣದ ಪಟ್ಟಿ ಬಳಿದಿಡಿ. ಹೊಸದಾಗಿ ಬಂದ ಕೆಲಸಗಾರನಿಗೂ ಒಂದೇ ನೋಟಕ್ಕೆ ತಿಳಿಯಲಿ.

ದೋಟಿ ನಮ್ಮ ಮನೆಗೆ ಪರೀಕ್ಷೆಗೆ ಬಂದ ದಿನ ಗೆಳೆಯ ಬೆಳಿಗ್ಗೆಯಿಂದ ಸಂಜೆವರೆಗೆ ಹೆಚ್ಚು ಮಾತಾಡಲಿಲ್ಲ. ಸಂಜೆ ಕಾಲುವೆಯಲ್ಲಿ ಕೈಕಾಲು ತೊಳೆಯುತ್ತ ಹೇಳಿದ: “ಈ ದೋಟಿ ನೀವು ತಗೊಂಡು ನನ್ನ ಕೈಗೆ ಕೊಟ್ಟರೆ ನಾನು ದಿನಗೂಲಿಯವ. ನನ್ನದೇ ಆದರೆ ನಾನು ಗುತ್ತಿಗೆದಾರ.” ಬಿ.ಇ.ಯಲ್ಲಿ ನಾಲ್ಕು ವರ್ಷ ಓದಿದ ನನಗೆ ಯಂತ್ರದ ಬಗ್ಗೆ ಇಷ್ಟು ಸ್ಪಷ್ಟವಾದ ಮಾತು ಯಾವ ಪಠ್ಯದಲ್ಲೂ ಸಿಕ್ಕಿರಲಿಲ್ಲ.

ಯೋಚಿಸಿ ನೋಡಿ. ಮರ ಹತ್ತುವುದು ಅವನ ವಿದ್ಯೆ. ಅದಕ್ಕೊಂದು ಬೆಲೆ ಇತ್ತು, ಊರಿನವರು ಅವನ ಮನೆ ಬಾಗಿಲಿಗೆ ಹೋಗಿ ದಿನ ಕೇಳುತ್ತಿದ್ದರು. ದೋಟಿ ಬಂದರೆ ಆ ವಿದ್ಯೆಯ ಬೆಲೆ ಇಳಿಯುತ್ತದೆ. ಆದರೆ ಅವನ ಮಗ ಈಗ ಇದೇ ಶಾಲೆಯಲ್ಲಿ ಓದುತ್ತಿದ್ದಾನೆ, ಮಗ ಮರ ಹತ್ತುವುದು ಅವನಿಗೂ ಬೇಡ. ಹಾಗಾದರೆ ದೋಟಿ ಅವನ ಶತ್ರುವೋ ಮಿತ್ರನೋ? ಅದು ಯಾರ ಹೆಸರಿನಲ್ಲಿದೆ ಎಂಬುದರ ಮೇಲೆ ನಿಂತಿದೆ. ನಮ್ಮ ಮನೆಯಲ್ಲಿ ಮಾತಾಡಿ, ದೋಟಿಗೆ ಬೇಕಾದ ದುಡ್ಡಿನಲ್ಲಿ ಒಂದು ಭಾಗವನ್ನು ಮುಂದಿನ ಎರಡು ಕೊಯ್ಲಿನ ಮುಂಗಡವಾಗಿ ಅಪ್ಪಯ್ಯ ಅವನಿಗೆ ಕೊಟ್ಟರು. ಇನ್ನೆರಡು ಮನೆಯವರೂ ಹಾಗೆಯೇ ಕೊಟ್ಟರು. ಉಳಿದದ್ದನ್ನು ಅವನೇ ಹೊಂದಿಸಿದ. ದೋಟಿ ಅವನದು. ಈಗ ಅವನು ನಮ್ಮ ಮನೆಗೆ ಕೂಲಿಗೆ ಬರುವುದಿಲ್ಲ, ಗುತ್ತಿಗೆಗೆ ಬರುತ್ತಾನೆ. ದೋಟಿಯ ಬಗ್ಗೆ ನಾವು ತೆಗೆದುಕೊಂಡ ತೀರ್ಮಾನಗಳಲ್ಲಿ ನನಗೆ ಬಹಳ ಸಮಾಧಾನ ಕೊಟ್ಟದ್ದು ಇದು.

ಸುರಕ್ಷತೆಯ ಬಗ್ಗೆ ನಾಲ್ಕು ಮಾತು. ಟ್ರ್ಯಾಕ್ಟರಿನ ಹಿಂದೆ ಯಂತ್ರಗಳಿಗೆ ಶಕ್ತಿ ಕೊಡುವ ಪಿ.ಟಿ.ಒ. ಸರಳು ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಸೆಕೆಂಡಿಗೆ ಒಂಬತ್ತು ಸುತ್ತು. ಸರಳು 6 ಸೆಂಟಿಮೀಟರ್ ದಪ್ಪ ಇದ್ದರೆ ಸುತ್ತಳತೆ ಸುಮಾರು 19 ಸೆಂಟಿಮೀಟರ್. ಅಂದರೆ ಸೆರಗಿನ ತುದಿಯೋ ಲುಂಗಿಯ ಅಂಚೋ ಸಿಕ್ಕಿದರೆ ಒಂದು ಸೆಕೆಂಡಿನಲ್ಲಿ 1.7 ಮೀಟರ್ ಬಟ್ಟೆ ಸುತ್ತಿಕೊಳ್ಳುತ್ತದೆ. ‘ಅಯ್ಯೋ’ ಎನ್ನುವಷ್ಟರಲ್ಲಿ ಮನುಷ್ಯ ಸರಳಿನ ಹತ್ತಿರ ಇರುತ್ತಾನೆ. ಅದರ ಮೇಲೆ ಕಂಪನಿಯವರು ಹಾಕಿಕೊಟ್ಟ ಪ್ಲಾಸ್ಟಿಕ್ ಕವಚವನ್ನು ‘ಗ್ರೀಸ್ ಹಾಕಲು ಅಡ್ಡ’ ಎಂದು ಕಿತ್ತು ಮೂಲೆಗೆ ಎಸೆದಿರುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಒಕ್ಕಣೆ ಯಂತ್ರಗಳಲ್ಲಿ ಕೈ ಕಳೆದುಕೊಂಡವರ ಸಂಖ್ಯೆ ಹೆಚ್ಚಾದ್ದರಿಂದಲೇ ನಮ್ಮ ದೇಶದಲ್ಲಿ 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣಕ್ಕೆ ಒಂದು ಕಾಯ್ದೆಯನ್ನೇ ತರಬೇಕಾಯಿತು. ಕಾಯ್ದೆ ಪುಸ್ತಕದಲ್ಲಿದ್ದರೆ ಸಾಲದು, ಕವಚ ಯಂತ್ರದ ಮೇಲಿರಬೇಕು.

ಬ್ರಷ್ ಕಟರ್ ಹಿಡಿದವರ ಸುತ್ತ 15 ಮೀಟರ್ ಒಳಗೆ ಯಾರೂ ಬರಬಾರದು, ಮಕ್ಕಳಂತೂ ಕೂಡದೇ ಕೂಡದು. ಚಿಮ್ಮಿದ ಕಲ್ಲಿಗೆ ಕಣ್ಣು, ಮೊಣಕಾಲು ಎಂಬ ಭೇದವಿಲ್ಲ. ಬ್ಲೇಡು ಸಾಮಾನ್ಯವಾಗಿ ಮೇಲಿನಿಂದ ನೋಡಿದರೆ ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗುತ್ತದೆ, ಆದ್ದರಿಂದ ಬಲದಿಂದ ಎಡಕ್ಕೆ ಬೀಸಿ ಕತ್ತರಿಸಬೇಕು. ಬ್ಲೇಡಿನ ಮುಂದಿನ ಬಲಮಗ್ಗುಲು ಗಟ್ಟಿ ಕಾಂಡಕ್ಕೋ ಕಲ್ಲಿಗೋ ತಾಗಿದರೆ ಮಷಿನ್ ಒಮ್ಮೆಲೇ ಒದೆಯುತ್ತದೆ. ಕನ್ನಡಕ, ಗಮ್‌ಬೂಟು, ಕಿವಿಮುಚ್ಚಳ ಮೂರೂ ಬೇಕು. ಇವು ಯಂತ್ರದ ಬೆಲೆಯ ಒಂದು ಸಣ್ಣ ಭಾಗಕ್ಕೆ ಸಿಗುತ್ತವೆ. ಮಾಲೀಕರೇ, ಇವನ್ನು ಕೊಡಿಸುವುದು ನಿಮ್ಮ ಜವಾಬ್ದಾರಿ. ‘ಅವನು ಹಾಕಿಕೊಳ್ಳುವುದಿಲ್ಲ’ ಎಂಬ ಮಾತು ಬೇಡ. ಸೆಕೆಗೆ ಹಾಕಿಕೊಳ್ಳಲು ಆಗದಿದ್ದರೆ ತಾಸಿಗೊಮ್ಮೆ ನೆರಳಿನಲ್ಲಿ ವಿಶ್ರಾಂತಿ ಕೊಡಿ.

ಹೆಂಗಸರ ವಿಷಯವನ್ನೂ ಹೇಳದೆ ಹೋಗುವಂತಿಲ್ಲ. ತೋಟದ ಅರ್ಧಕ್ಕಿಂತ ಹೆಚ್ಚು ಕೆಲಸ ಅವರದೇ. ಆದರೆ ಮಷಿನ್ ತರುವಾಗ ಅವರನ್ನು ಯಾರೂ ಕೇಳುವುದಿಲ್ಲ. ಬೆನ್ನಿಗೆ ಹೊರುವ 16 ಲೀಟರಿನ ಬ್ಯಾಟರಿ ಸ್ಪ್ರೇಯರ್ ತುಂಬಿದರೆ ನೀರೇ 16 ಕೆ.ಜಿ., ಮೇಲೆ ಯಂತ್ರದ ತೂಕ. ಅಮ್ಮ ಹೇಳಿದ ಉಪಾಯ ಸರಳವಾಗಿತ್ತು: ಅರ್ಧ ತುಂಬಿಸು, ಎರಡು ಸಲ ಹೋಗು. ಹಗ್ಗ ಎಳೆದು ಚಾಲೂ ಮಾಡುವ ಎಂಜಿನ್ ಅಮ್ಮನ ಕೈಗೆ ಒಗ್ಗಲಿಲ್ಲ, ಗುಂಡಿ ಒತ್ತಿದರೆ ಓಡುವ ಬ್ಯಾಟರಿ ಗರಗಸ ಒಗ್ಗಿತು. ಗೇರು, ನುಗ್ಗೆ, ದಾಸವಾಳದ ರೆಂಬೆ ಸವರಲು ಈಗ ಅವರು ಯಾರನ್ನೂ ಕಾಯುವುದಿಲ್ಲ. ಬ್ಯಾಟರಿ ಸಾಮಾನು ಕೊಳ್ಳುವುದಾದರೆ ಒಂದೇ ಕಂಪನಿಯ, ಒಂದೇ ಬ್ಯಾಟರಿಗೆ ಕೂರುವ ಉಪಕರಣಗಳನ್ನು ಆರಿಸಿ. ಒಂದೊಂದಕ್ಕೆ ಒಂದೊಂದು ಚಾರ್ಜರ್ ಆದರೆ ಮಳೆಗಾಲದ ನಮ್ಮ ಕರೆಂಟಿಗೆ ಅದು ಸಾಧ್ಯವಿಲ್ಲದ ಮಾತು.

ಕೊನೆಯದಾಗಿ ದುಡ್ಡಿನ ಲೆಕ್ಕ. ಒಂದು ಯಂತ್ರಕ್ಕೆ 15,000 ರೂಪಾಯಿ ಎಂದುಕೊಳ್ಳಿ. ವರ್ಷಕ್ಕೆ ಹತ್ತು ದಿನ ಬಳಸಿ, ಐದು ವರ್ಷ ಬಾಳಿದರೆ 50 ದಿನ. ಪೆಟ್ರೋಲು, ರಿಪೇರಿ ಸೇರಿಸುವ ಮೊದಲೇ ದಿನಕ್ಕೆ 300 ರೂಪಾಯಿ ಬಿತ್ತು. ಅದೇ ಯಂತ್ರವನ್ನು ಐದು ಮನೆ ಸೇರಿ ಕೊಂಡು ವರ್ಷಕ್ಕೆ 50 ದಿನ ಓಡಿಸಿದರೆ, ಬೇಗ ಸವೆದು ಮೂರೇ ವರ್ಷ ಬಾಳಿದರೂ ದಿನಕ್ಕೆ ನೂರು ರೂಪಾಯಿ. ವರ್ಷಕ್ಕೆ ಎರಡು ದಿನ ಬೇಕಾಗುವುದನ್ನು ಬಾಡಿಗೆಗೆ ತರುವುದೇ ಸರಿ. ಅದಕ್ಕಾಗಿಯೇ ನಮ್ಮ ರಾಜ್ಯದಲ್ಲಿ 2014-15ರಿಂದ ಹೋಬಳಿ ಮಟ್ಟದಲ್ಲಿ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳು ಬಂದಿವೆ. ಕೊಳ್ಳುವವರಿಗೆ ಕೃಷಿ ಯಾಂತ್ರೀಕರಣದ ಸಹಾಯಧನವೂ ಇದೆ. ರೈತ ಸಂಪರ್ಕ ಕೇಂದ್ರದಲ್ಲಿ ಈ ವರ್ಷದ ಪಟ್ಟಿ ಕೇಳಿ. ಆದರೆ ಸಬ್ಸಿಡಿ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಕೊಳ್ಳಬೇಡಿ. ಅರ್ಧ ಬೆಲೆಗೆ ಸಿಕ್ಕರೂ ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುವ ಯಂತ್ರ ದುಬಾರಿಯೇ.

ಯಂತ್ರ ಎಂದರೆ ಹೊರಗಿನಿಂದ ಬರುವುದು, ನಾವು ಕೊಳ್ಳುವವರು ಮಾತ್ರ ಎಂದು ಮಕ್ಕಳು ತಿಳಿಯಬಾರದು. ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ಹುಣಸೆ ಬೀಜ ಬೇರ್ಪಡಿಸುವ ಯಂತ್ರದಿಂದ ಹಿಡಿದು ಬಿತ್ತನೆ ಕೂರಿಗೆಯವರೆಗೆ ರೈತರಿಗೆ ಬೇಕಾದ ಹಲವು ಉಪಕರಣ ಮಾಡಿದವರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರು ಶುರು ಮಾಡಿದ್ದು ತಮ್ಮ ಊರಿನ, ತಮ್ಮ ಹೊಲದ ತೊಂದರೆಯಿಂದ. ನಿಮ್ಮ ಮನೆಯಲ್ಲಿ ಅಜ್ಜಿಯ ಬೆನ್ನು ಯಾವ ಕೆಲಸಕ್ಕೆ ನೋಯುತ್ತದೆ ಎಂದು ಕೇಳಿ. ನಿಮ್ಮ ವಿಜ್ಞಾನದ ಪ್ರಾಜೆಕ್ಟಿಗೆ ವಿಷಯ ಅಲ್ಲೇ ಸಿಗುತ್ತದೆ.

ಹಳೆಯ ವಿದ್ಯಾರ್ಥಿ ಸಂಘದ ಮುಂದೆ ಮೂರು ಬೇಡಿಕೆ ಇಡುತ್ತೇನೆ. ಒಂದು, ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಒಂದು ದಿನ, ಕೊಯ್ಲಿಗೆ ಮೊದಲು ಒಂದು ದಿನ ಊರಿನ ಯಾವುದಾದರೂ ತೋಟದಲ್ಲಿ ಯಂತ್ರ ಪರೀಕ್ಷೆಯ ದಿನ ಮಾಡೋಣ. ಅಂಗಡಿಯವರು ಯಂತ್ರ ತರಲಿ. ಆದರೆ ಓಡಿಸುವವರು ನಮ್ಮ ಕೆಲಸಗಾರರು, ನಮ್ಮ ಹೆಂಗಸರು. ಆ ದಿನದ ಕೂಲಿಯನ್ನು ಸಂಘವೇ ಕೊಡಲಿ, ಏಕೆಂದರೆ ಪರೀಕ್ಷಕರಿಗೆ ಸಂಭಾವನೆ ಕೊಡುವುದು ಪದ್ಧತಿ. ಎರಡು, ಅವರು ಹೇಳಿದ್ದನ್ನೆಲ್ಲ ಒಂದು ದಪ್ಪ ರಿಜಿಸ್ಟರಿನಲ್ಲಿ ಬರೆದು ಶಾಲೆಯ ಗ್ರಂಥಾಲಯದಲ್ಲಿ ಇಡೋಣ. ಮುಂದೆ ಕೊಳ್ಳುವವರು ಬಂದು ಓದಲಿ. ನನ್ನ ನೋಟ್‌ಬುಕ್ಕಿನ ಪ್ರತಿಯನ್ನು ಇಂದು ಮುಖ್ಯೋಪಾಧ್ಯಾಯರಿಗೆ ಒಪ್ಪಿಸುತ್ತಿದ್ದೇನೆ, ಅದು ಮೊದಲ ಪುಟಗಳಾಗಲಿ. ಮೂರು, ಕನ್ನಡಕ, ಗಮ್‌ಬೂಟು, ಕಿವಿಮುಚ್ಚಳದ ಹತ್ತು ಜೊತೆಗಳನ್ನು ಕೊಂಡು, ಬೇಕಾದವರಿಗೆ ಎರವಲು ಕೊಡುವ ವ್ಯವಸ್ಥೆ ಮಾಡೋಣ. ಇದರ ಖರ್ಚು ನನ್ನ ಬ್ಯಾಚಿನವರದು.

ಐವತ್ತು ವರ್ಷ ಈ ಶಾಲೆ ನಮಗೆ ಪ್ರಶ್ನೆ ಕೇಳುವುದನ್ನು ಕಲಿಸಿದೆ. ಅಂಗಡಿಯವರ ಮುಂದೆ, ಜಾಹೀರಾತಿನ ಮುಂದೆಯೂ ಆ ಅಭ್ಯಾಸ ಬಿಡದಿರೋಣ. ನಮ್ಮ ತೋಟದಲ್ಲಿ ಹಗಲಿಡೀ ದುಡಿಯುವವರ ಉತ್ತರಕ್ಕೆ ಕಿವಿ ಕೊಡೋಣ.

ಊಟದ ಹೊತ್ತಾಯಿತು, ಪಾಯಸದ ಪರಿಮಳ ನನಗೂ ಬರುತ್ತಿದೆ.